ಬ್ಯಾರನ್ ಬುಟ್ಟು ಬರಕ್ಕಾಯ್ತದಾ?

ಹೊಗೆಸೊಪ್ಪಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ಪಿರಿಯಾಪಟ್ಟಣ ಸೀಮೆಯ ರೈತನಿಗೆ ಎರಡು ಕೆಲಸ ನೆನಪಾಗುತ್ತವೆ: ಮಗಳ ಮದುವೆ, ಮೈಸೂರಲ್ಲೊಂದು ಸೈಟು. ಮದುವೆ ಎರಡು ದಿನಕ್ಕೆ ಮುಗಿಯುತ್ತದೆ. ಸೈಟಿನ ಮೇಲೆ ಮನೆ ಎದ್ದು, ಮನೆಗೆ ಬಾಡಿಗೆಯವರು ಬಂದರೆಂದರೆ ಅದು ಮುಗಿಯುವ ಬಾಬತ್ತಲ್ಲ. ಕಂಪಲಾಪುರದ ನಮ್ಮ ಗೌಡ್ರು ಎರಡನ್ನೂ ಮಾಡಿದವರು. ಅಳಿಯನ ಮೇಲೆ ಅವರ ತಕರಾರಿಲ್ಲ. ತಕರಾರೆಲ್ಲ ಬ್ರೋಕರ್ ಮೇಲೆ.

ಇಂಥ ಗೌಡ್ರನ್ನು ನೀವೂ ನೋಡಿರುತ್ತೀರಿ. ಹರಾಜು ಮಾರುಕಟ್ಟೆಯ ಹತ್ತಿರದ ಟೀ ಅಂಗಡಿಯಲ್ಲಿ ‘ಮೈಸೂರಲ್ಲಿ ನಮ್ದೊಂದು ಮನೆ ಅದೆ’ ಎನ್ನುವಾಗ ಅವರ ಎದೆ ಒಂದಂಗುಲ ಅಗಲವಾಗುತ್ತದೆ. ಅಷ್ಟರಲ್ಲಿ ಫೋನು ಬಡಿದುಕೊಂಡು, ಪರದೆಯ ಮೇಲೆ ‘ಬ್ರೋಕರ್’ ಎಂದು ಬಂದರೆ ಆ ಅಂಗುಲ ವಾಪಸ್ ಹೋಗುತ್ತದೆ.

ಮೊದಲ ದಿನ ಬ್ರೋಕರ್ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಎಂದು ಎಣಿಸಿಕೊಂಡು, ‘ಗೌಡ್ರೇ, ನೀವು ಊರಲ್ಲಿ ನೆಮ್ಮದಿಯಾಗಿರಿ, ಇಲ್ಲಿ ನಾನಿದ್ದೀನಿ’ ಎಂದಿದ್ದ. ಅವನು ಇದ್ದಾನೆ, ಸುಳ್ಳಲ್ಲ. ಕೆಟ್ಟುಹೋಯಿತು ಎಂದು ಹೇಳಲು ಇದ್ದಾನೆ.

ಅವನು ಹೇಳುವುದೂ ಮಳೆಗಾಲದಲ್ಲೇ. ಸೂರು ಸೋರುವ ತಿಂಗಳೂ ಸೊಪ್ಪು ಹದ ಮಾಡುವ ಬ್ಯಾರನ್ ಉರಿಯುವ ತಿಂಗಳೂ ಒಂದೇ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದರೆ ಹೆಚ್ಚುಕಡಿಮೆ ಒಂದು ವಾರ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಒಂದು ಹೊತ್ತು ಕಾವು ತಪ್ಪಿದರೆ ಹೊನ್ನಿನ ಬಣ್ಣದ ಸೊಪ್ಪು ಲೋ ಗ್ರೇಡಾಗಿ ಹರಾಜಿನಲ್ಲಿ ತಲೆ ತಗ್ಗಿಸುತ್ತದೆ. ಅಂಥ ಹೊತ್ತಿನಲ್ಲೇ ಫೋನು.

‘ಗೌಡ್ರೇ, ಮೇಷ್ಟ್ರ ರೂಮಲ್ಲಿ ನೀರು ತೊಟ್ಟಿಕ್ತಿದೆ.’

‘ಚೊಂಬು ತುಂಬ್ತದೋ, ಬಕೇಟು ತುಂಬ್ತದೋ?’

‘ಸದ್ಯಕ್ಕೆ ಚೊಂಬು.’

‘ಬಕೇಟು ತುಂಬ್ದಾಗ ಯೋಳಪ್ಪ. ಈಗ ಬ್ಯಾರನ್ ಬುಟ್ಟು ಬರಕ್ಕಾಯ್ತದಾ?’

ಬ್ರೋಕರ್ ವಾಟ್ಸ್ಯಾಪಿನಲ್ಲಿ ಫೋಟೋ ಕಳಿಸುತ್ತಾನೆ. ಗೌಡ್ರು ಅದನ್ನು ಸೊಪ್ಪಿನ ಗ್ರೇಡ್ ನೋಡುವವರಂತೆ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ತೀರ್ಪು ಕೊಡುತ್ತಾರೆ: ‘ಇದು ಸೋರಿಕೆ ಅಲ್ಲ ಕನಪ್ಪ, ಗೋಡೆ ಬೆವರು.’

ಬ್ರೋಕರ್‌ನ ಲೆಕ್ಕವೂ ಕಡಿಮೆಯದಲ್ಲ. ನಲ್ಲಿಯ ವಾಷರ್ ಹೋಗಿದ್ದರೆ ಅವನ ಬಾಯಲ್ಲಿ ಅದು ‘ಲೈನೇ ಹೋಗಿದೆ’. ಒಮ್ಮೆ ಅವನು ಕಳಿಸಿದ ಚೀಟಿ ಹೀಗಿತ್ತು: ವಾಷರ್ 20, ಪ್ಲಂಬರ್ 500, ಪೆಟ್ರೋಲ್ 200, ಇತರೆ 300. ಗೌಡ್ರು ಕೇಳಿದ್ದು ಒಂದೇ: ‘ಈ ಇತರೆ ಅನ್ನೋ ಸಾಮಾನು ಯಾವ ಅಂಗ್ಡೀಲಿ ಸಿಕ್ತದೆ?’

ಬಾಡಿಗೆಗಿದ್ದ ಮೇಷ್ಟ್ರು ಕಾನೂನು ಓದಿಕೊಂಡವರು. ರಿಪೇರಿ ಮಾಡಿಸಬೇಕಾದ ಓನರ್ ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆಂದು ಬ್ರೋಕರ್ ಮೂಲಕ ತಿಳಿಸಿದರು. ಗೌಡ್ರು ಅಲ್ಲಾಡಲಿಲ್ಲ. ‘1882ಕ್ಕಾ? ಅದು ಆಗ ಕಟ್ಟಿದ್ ಮನೆಗೆ ಬುಡು. ನಮ್ದು 2011ರದ್ದು.’

ಮೇಷ್ಟ್ರು 2021ಕ್ಕೆ ಬಂದರು. ಆ ವರ್ಷ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾರ ರಿಪೇರಿ ಯಾರದು ಎಂಬ ಪಟ್ಟಿಯೇ ಇದೆ. ನಲ್ಲಿ ವಾಷರು, ಸ್ವಿಚ್ಚು, ಚರಂಡಿ ಚೊಕ್ಕಟ ಬಾಡಿಗೆಯವರಿಗೆ. ಕಟ್ಟಡ, ಪೈಪು, ವೈರಿಂಗು, ಸುಣ್ಣ ಓನರ್‌ಗೆ. ಗೌಡ್ರು ಮೊದಲರ್ಧ ಕೇಳಿ ‘ಒಳ್ಳೆ ಕಾನೂನು’ ಎಂದರು. ಎರಡನೆಯರ್ಧಕ್ಕೆ ಟವರ್ ಸಿಗಲಿಲ್ಲ. ಆ ಕಾಯ್ದೆ ಮಾದರಿಯಷ್ಟೇ, ರಾಜ್ಯ ತನ್ನ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ ಎಂಬುದನ್ನು ಮಾತ್ರ ಬ್ರೋಕರ್ ಕೇಳದೆಯೇ ಹೇಳಿದ. ಟವರ್ ಮತ್ತೆ ಬಂದಿತ್ತು.

ಗೌಡ್ರು ಸೋಮಾರಿ ಎಂದು ಯಾರೂ ತಿಳಿಯಬೇಡಿ. ಬ್ಯಾರನ್ನಿನ ತಗಡಿನ ಕೊಳವೆಯಲ್ಲಿ ಸೂಜಿಯಷ್ಟು ತೂತಾದರೂ ಹೊಗೆ ಸೊಪ್ಪಿಗೆ ಹಿಡಿಯುತ್ತದೆ. ಅದರ ವಾಸನೆ ಮೂಗಿಗೆ ಬಡಿದರೇ ಎದ್ದು ಕೂರುವವರು ಅವರು. ಹೋದ ಶ್ರಾವಣದ ಒಂದು ರಾತ್ರಿ ಬ್ಯಾರನ್ನಿನ ಹೆಂಚು ಜಾರಿ ಮಳೆ ಒಳಗಿಳಿಯಿತು. ಎರಡು ಗಂಟೆಗೆ ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಏಣಿ ಹತ್ತಿದರು. ಕೆಳಗೆ ಏಣಿ ಹಿಡಿದಿದ್ದವನು ನಾನೇ. ಬೆಳಿಗ್ಗೆ ಅವರಿನ್ನೂ ಮೇಲಿದ್ದಾಗಲೇ ಫೋನು ಬಂತು.

‘ಎಲ್ಲಿದೀರಾ ಗೌಡ್ರೇ?’

‘ಸೂರಿನ ಮ್ಯಾಲೆ, ಸೋರೋದು ಮುಚ್ತಾ ಇವ್ನಿ.’

‘ಅಯ್ಯೋ, ಮೈಸೂರಿಗೆ ಬಂದ್ರಾ? ಮೇಷ್ಟ್ರು ಹೇಳಲೇ ಇಲ್ಲ!’

ಗೌಡ್ರು ಮಾತಾಡದೆ ಫೋನು ಕೆಳಗೆ ನನ್ನ ಕೈಗೆ ಎಸೆದರು. ಇಲ್ಲಿ ಬಿದ್ದ ಹನಿ ಅವರ ಸೊಪ್ಪಿನ ಮೇಲೆ. ಅಲ್ಲಿ ಬಿದ್ದದ್ದು ಮೇಷ್ಟ್ರ ಹಾಸಿಗೆ ಮೇಲೆ. ವ್ಯತ್ಯಾಸ ಅಷ್ಟೇ.

ಬ್ರೋಕರ್‌ಗೂ ಅವಸರವಿಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ. ಒಂದು ವರ್ಷ ದಾಟುವ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ಎಲ್ಲರ ಅಗ್ರಿಮೆಂಟೂ 11 ತಿಂಗಳಿನದೇ. ಸೂರು ಸೋರಿದರೆ ಹನ್ನೊಂದಕ್ಕೆ ಸರಿಯಾಗಿ ಬಾಡಿಗೆಯವರು ಖಾಲಿ. ಹೊಸಬರು ಬಂದರೆ ಹೊಸ ಕಮಿಷನ್. ಗೌಡ್ರ ಬ್ಯಾರನ್ ಕಂಪಲಾಪುರದಲ್ಲಿದ್ದರೆ, ಬ್ರೋಕರ್‌ನ ಬ್ಯಾರನ್ ಗೌಡ್ರ ತಾರಸಿಯ ಮೇಲೇ ಇದೆ. ಅವನು ಅದಕ್ಕೆ ಸೌದೆಯನ್ನೂ ಹಾಕಬೇಕಾಗಿಲ್ಲ.

ಮಾರ್ಚ್‌ನಲ್ಲಿ ಸೊಪ್ಪಿನ ದುಡ್ಡು ಕೈಗೆ ಬಂತು. ಗೌಡ್ರು ನನ್ನನ್ನೂ ಕರೆದುಕೊಂಡು ಹುಣಸೂರು ದಾಟಿ ಮೈಸೂರಿಗೆ ಹೋದರು. ಮೇಷ್ಟ್ರು ಖಾಲಿ ಮಾಡಿ ವಾರವಾಗಿತ್ತು. ತಾರಸಿ ಹತ್ತಿ, ಕಾದ ಸಿಮೆಂಟಿನ ಮೇಲೆ ಅಂಗೈ ಇಟ್ಟು, ಚುರ್ ಎಂದ ಕೈಯನ್ನು ಕೊಡವಿಕೊಂಡರು.

‘ನೋಡ್ದಾ? ಒಂದ್ ತೊಟ್ಟೂ ಇಲ್ಲ. ನಾನು ಆವತ್ತೇ ಯೋಳ್ಲಿಲ್ವಾ?’

ತಂದಿದ್ದ ದುಡ್ಡು ಅಂಗಿಯ ಒಳಜೇಬಿನಲ್ಲೇ ಉಳಿಯಿತು. ಕೆಳಗೆ ಬ್ರೋಕರ್ ಹೊಸ ಸಂಸಾರವೊಂದಕ್ಕೆ ಮನೆ ತೋರಿಸುತ್ತಿದ್ದ. ಹೆಂಗಸು ಸೂರಿನ ಹಳದಿ ಕಲೆ ನೋಡಿ, ‘ಇದು ಸೋರುತ್ತಾ?’ ಎಂದರು.

‘ಅಯ್ಯೋ ಇಲ್ಲಮ್ಮ,’ ಎಂದ ಬ್ರೋಕರ್. ‘ಓನರ್ ಈಗ ತಾನೇ ಮೇಲೆ ಹತ್ತಿ ಚೆಕ್ ಮಾಡ್ಕೊಂಡು ಬಂದ್ರು. ಬೇಕಾದ್ರೆ ಅವ್ರನ್ನೇ ಕೇಳಿ.’