ಬ್ರೇಕ್ ಲೈಟ್ ಸ್ವಿಚ್ಚಿನ ಭೇದಾಭೇದ ವಿಚಾರ

ಬ್ರೇಕ್ ಲೈಟ್ ಎಂಬ ವಸ್ತು ತನ್ನ ಒಡೆಯನಿಗೆ ಪ್ರತ್ಯಕ್ಷವಲ್ಲ. ಕಾಲು ಪೆಡಲಿನ ಮೇಲಿರುವಾಗ ಕಣ್ಣು ಡಿಕ್ಕಿಯ ಹಿಂದಿರಲಾರದು. ಕಣ್ಣು ಹಿಂದಕ್ಕೆ ಹೋದರೆ ಕಾಲೂ ಜತೆಗೆ ಹೋಗಿ ದೀಪ ಆರುತ್ತದೆ. ಆದ್ದರಿಂದ ಈ ಶಾಸ್ತ್ರವೆಲ್ಲ ಉಳಿದ ಪ್ರಮಾಣಗಳನ್ನೇ ನಂಬಿಕೊಂಡಿದೆ.

ಮತಗಳು ಎರಡು. ಹಳೆಯ ಅಂಬಾಸಿಡರ್ ದ್ರವವಾದಿ. ಅದರ ಸ್ವಿಚ್ ಬ್ರೇಕ್ ಆಯಿಲ್ ಪೈಪಿನ ಒತ್ತಡ ಏರಿದಾಗ ದೀಪ ಹಚ್ಚುತ್ತದೆ. ಅದರಲ್ಲಿ ಅಡ್ಜಸ್ಟ್ ಮಾಡುವಂಥದ್ದು ಏನೂ ಇಲ್ಲ, ಕೆಟ್ಟರೆ ಬದಲಿಸುವುದಷ್ಟೇ. ಭಾಷ್ಯಕ್ಕೆ ಎಡೆಗೊಡದ ಮತದಿಂದ ಪಂಡಿತರಿಗೇನು ಪ್ರಯೋಜನ? 1983ರಲ್ಲಿ ಅವತರಿಸಿದ ಮಾರುತಿ 800 ಸ್ಪರ್ಶವಾದಿ. ಇಲ್ಲಿ ಪೆಡಲು ಸುಮ್ಮನಿರುವಾಗ ಸ್ವಿಚ್ಚಿನ ಪ್ಲಂಜರನ್ನು ಒತ್ತಿ ಹಿಡಿದಿರುತ್ತದೆ. ನಾವು ಪೆಡಲನ್ನು ಒತ್ತಿದರೆ ಅದು ಪ್ಲಂಜರನ್ನು ಬಿಡುತ್ತದೆ, ದೀಪ ಹತ್ತುತ್ತದೆ. ಒತ್ತುವುದೇ ಬಿಡುವುದು! ಇದರ ಮೇಲೊಂದು ಮಠವನ್ನೇ ಕಟ್ಟಬಹುದಿತ್ತು, ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿಲ್ಲ.

ಸ್ವಿಚ್ಚಿನ ಮೈಗೂ ಪೆಡಲಿಗೂ ಭೇದ ಎಷ್ಟಿರಬೇಕು? ಅರ್ಧದಿಂದ ಒಂದು ಮಿಲಿಮೀಟರ್ ಎಂಬುದು ಸಿದ್ಧಾಂತ. ಮಧ್ವಾಚಾರ್ಯರ ಪಂಚಭೇದಗಳಲ್ಲಿ ಇದಿಲ್ಲ, ಆಗ ಕಾರುಗಳಿರಲಿಲ್ಲ. ಭೇದವಳಿದು ಎರಡೂ ಐಕ್ಯವಾದರೆ ಪೆಡಲ್ ಪೂರ್ತಿ ಮೇಲೇಳುವುದಿಲ್ಲ, ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಹಿಂತಿರುಗುವ ಕಿಂಡಿ ತೆರೆಯುವುದಿಲ್ಲ, ಬ್ರೇಕು ಹಿಡಿದೇ ಇದ್ದು ಚಕ್ರ ಕಾಯುತ್ತದೆ. ಅಭೇದವಾದಿಗಳು ಮೈಲೇಜ್ ಬಗ್ಗೆ ದೂರಬಾರದು. ಭೇದ ಮಿತಿಮೀರಿದರೋ, ದೀಪ ಆರುವುದೇ ಇಲ್ಲ.

ಇದು ಅರ್ಥಾಪತ್ತಿಯಿಂದ ತಿಳಿಯತಕ್ಕದ್ದು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆ ಎನ್ನುತ್ತಾರೆ ಮೀಮಾಂಸಕರು. ಕೀಲಿ ತೆಗೆದು ನಿಲ್ಲಿಸಿದ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ರಾತ್ರಿ ಉಂಡವರು ಯಾರು? 21 ವ್ಯಾಟಿನ ಬಲ್ಬು ಎರಡು, ಒಟ್ಟು 42 ವ್ಯಾಟ್. 12 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್. 35 ಆಂಪಿಯರ್-ಅವರ್ ಬ್ಯಾಟರಿ ಹತ್ತು ಗಂಟೆಯಲ್ಲಿ ಬರಿದು. ದೇವದತ್ತ ಸಿಕ್ಕಿಬಿದ್ದ.

ಇನ್ನು ಪ್ರಯೋಗ. ತಲೆ ಸ್ಟೀರಿಂಗ್ ಕೆಳಗೆ, ಕಾಲು ರಸ್ತೆಯಲ್ಲಿ. ಈ ಆಸನದ ಬಗ್ಗೆ ಯೋಗಗ್ರಂಥಗಳು ಮೌನ. ಮೊದಲು ವೈರಿನ ಕನೆಕ್ಟರ್ ಕಳಚಬೇಕು, ಇಲ್ಲದಿದ್ದರೆ ಸ್ವಿಚ್ಚಿನೊಡನೆ ವೈರೂ ಸುತ್ತಿಕೊಳ್ಳುತ್ತದೆ. ಲಾಕ್ ನಟ್ ಸಡಿಲಿಸಿ, ಸ್ವಿಚ್ ತಿರುಗಿಸಿ, ಭೇದ ಕೂಡಿಸಿ, ನಟ್ ಬಿಗಿಯಬೇಕು. ಬಿಗಿಯುವಾಗ ಸ್ವಿಚ್ಚೂ ತಿರುಗಿ ಎಲ್ಲ ಮೊದಲಿನಿಂದ ಶುರುವಾಗುವುದಕ್ಕೆ ಪುನರ್ಜನ್ಮವೆಂದು ಹೆಸರು.

ಕೊನೆಗೆ ಪರೀಕ್ಷೆ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಹಾಗೆ, ಕೆಂಪಾದ ಕಾಂಪೌಂಡ್ ಗೋಡೆಯಿಂದ ದೀಪವನ್ನು ಅನುಮಾನಿಸಬಹುದು. ಆದರೆ ಹಗಲಿನಲ್ಲಿ ಗೋಡೆ ಸಾಕ್ಷಿ ಹೇಳುವುದಿಲ್ಲ. ಆಗ ಶಬ್ದಪ್ರಮಾಣವೇ ಗತಿ. ಗಾಡಿಯ ಹಿಂದೆ ನಿಂತ ಗ್ಯಾರೇಜ್ ಹುಡುಗನೇ ಆಪ್ತ.

"ಹತ್ತಿತೇನೋ?"

"ಹತ್ತ್‌ತು ಅಣ್ಣಾ!"

ಕನೆಕ್ಟರ್ ಇನ್ನೂ ನಮ್ಮ ಕೈಯಲ್ಲೇ ಇರುವಾಗಲೂ ಈ ಉತ್ತರ ಬರುವುದುಂಟು. ಆಗ ಆಪ್ತನ ಲಕ್ಷಣವನ್ನು ಎದ್ದು ಹೋಗಿ ಪರಿಶೀಲಿಸತಕ್ಕದ್ದು. ಸಾಮಾನ್ಯವಾಗಿ ಅವನ ಕೈಯಲ್ಲಿ ಮೊಬೈಲ್ ಇರುತ್ತದೆ.