ಅಲೌ ಸೂತ್ರಕ್ಕೊಂದು ಲಘು ಭಾಷ್ಯ

ಟಾರ್ಚ್ ಆಪಿಗೆ ನಮ್ಮ ಕಾಂಟ್ಯಾಕ್ಟ್ ಪಟ್ಟಿ ಏಕೆ ಬೇಕು? ಈ ಕುರಿತು ಪಂಡಿತರಲ್ಲಿ ಎರಡು ಮತ. ನಮ್ಮ ಮನೆಯಲ್ಲಿ ಕರೆಂಟು ಹೋದಾಗ ಸೋದರತ್ತೆಯ ಮನೆಯಲ್ಲೂ ಹೋಗಿರುವ ಸಂಭವವುಂಟು, ಆದ್ದರಿಂದ ಬೆಳಕಿಗೆ ಸೋದರತ್ತೆಯ ನಂಬರು ಅವಶ್ಯ ಎಂಬುದು ಪ್ರಾಚೀನರ ವಾದ. ನಂಬರು ಬೇಕಿರುವುದು ಬೆಳಕಿಗಲ್ಲ, ಜಾಹೀರಾತಿಗೆ ಎನ್ನುತ್ತಾರೆ ನವೀನರು. ಇಷ್ಟು ಒರಟಾಗಿ ನಿಜ ನುಡಿಯುವುದು ಶಾಸ್ತ್ರಚರ್ಚೆಗೆ ಶೋಭೆಯಲ್ಲ.

ನಮಗೆ ಪ್ರಮಾಣಗ್ರಂಥ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಅದರಲ್ಲೂ 6ನೇ ಸೆಕ್ಷನ್. ಸಮ್ಮತಿ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಅದಕ್ಕೆ ಷರತ್ತು ಇರಬಾರದು, ಸಂದಿಗ್ಧವೂ ಇರಬಾರದು. ಪಂಚಲಕ್ಷಣ! ಮದುವೆಗೆ ಹುಡುಗಿಯ ಒಪ್ಪಿಗೆ ಕೇಳುವಾಗಲೂ ನಮ್ಮ ಹಿರಿಯರು ಇಷ್ಟು ವಿಚಾರಿಸಿದ್ದನ್ನು ಕಾಣೆ.

ಕಾಯ್ದೆಯೇ ಒಂದು ದೃಷ್ಟಾಂತ ಕೊಡುತ್ತದೆ. ಎಕ್ಸ್ ಎಂಬಾಕೆ ವೈ ಎಂಬ ಟೆಲಿಮೆಡಿಸಿನ್ ಆಪನ್ನು ಇಳಿಸಿಕೊಳ್ಳುತ್ತಾಳೆ. ಅದು ಚಿಕಿತ್ಸೆಗೆ ಬೇಕಾದ ವಿವರದ ಜೊತೆಗೆ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳುತ್ತದೆ. ಆಕೆ ಎರಡಕ್ಕೂ ಹೂಂ ಅನ್ನುತ್ತಾಳೆ. ಚಿಕಿತ್ಸೆಗೆ ಪಟ್ಟಿಯ ಅಗತ್ಯವಿಲ್ಲವಾದ್ದರಿಂದ ಎರಡನೆಯ ಹೂಂ ಲೆಕ್ಕಕ್ಕಿಲ್ಲ ಎಂಬುದು ಸಿದ್ಧಾಂತ. ಸಿದ್ಧಾಂತ ಸೊಗಸಾಗಿದೆ. ಆದರೆ ಭಾಷ್ಯಕಾರನ ಕಣ್ಣು ಬೇರೆ ಕಡೆ ನೆಡುತ್ತದೆ: ಸಂಸತ್ತು ಬರೀ ಕಲ್ಪನೆಯಿಂದ ಸೃಷ್ಟಿಸಿದ ಹೆಂಗಸು ಕೂಡ ಎರಡಕ್ಕೂ ಅಲೌ ಒತ್ತಿಬಿಟ್ಟಿದ್ದಾಳೆ. ಪಟ್ಟಿ ಕೊಡಲ್ಲ ಅನ್ನುವ ಎಕ್ಸ್ ಒಬ್ಬಳನ್ನು ಊಹಿಸಿಕೊಳ್ಳಲು ಶಾಸನಕರ್ತರಿಗೂ ಧೈರ್ಯ ಸಾಲಲಿಲ್ಲ.

ಕೊಟ್ಟಷ್ಟೇ ಸುಲಭವಾಗಿ ಸಮ್ಮತಿಯನ್ನು ಹಿಂಪಡೆಯುವಂತಿರಬೇಕೆಂದೂ ವಿಧಿಯುಂಟು. ಕೊಡುವ ಗುಂಡಿ ಹೆಬ್ಬೆರಳ ಬುಡದಲ್ಲೇ ನೀಲಿಯಾಗಿ ಹೊಳೆಯುತ್ತದೆ. ಹಿಂಪಡೆಯುವುದು ಸೆಟ್ಟಿಂಗ್ಸ್ ಒಳಗಿನ ಅಕೌಂಟ್, ಅದರೊಳಗಿನ ಪ್ರೈವೆಸಿ, ಅದರ ತಳದ ಬೂದು ಅಕ್ಷರದಲ್ಲಿ ತಪಸ್ಸಿಗೆ ಕೂತಿರುತ್ತದೆ. ಸುಲಭವನ್ನು ಇಲ್ಲಿ ಭಕ್ತರ ಲೆಕ್ಕದಲ್ಲಿ ಗ್ರಹಿಸತಕ್ಕದ್ದು. ಹರಕೆ ಹೊತ್ತವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲೂ ಸುಲಭವೇ.

ಸಮ್ಮತಿ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಕೇಳಬಹುದು. ಇಷ್ಟು ದಿನ ಇಂಗ್ಲಿಷಿನಲ್ಲಿ ಓದದೆ ಒಪ್ಪುತ್ತಿದ್ದೆವು, ಇನ್ನು ಕನ್ನಡದಲ್ಲೇ ಓದದೆ ಒಪ್ಪಬಹುದು. ಭಾಷಾಭಿಮಾನಿಗಳು ಗಮನಿಸಬೇಕು.

ಸುರಕ್ಷತೆಯಲ್ಲಿ ತಪ್ಪಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಹುರುಳಿಲ್ಲದ ದೂರು ಕೊಟ್ಟ ಎಕ್ಸ್‌ಗೂ 10,000ದವರೆಗೆ ಉಂಟು. ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು, ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಗಡುವು. ಗಡುವಿನ ಉದ್ದೇಶವೇನೆಂಬಲ್ಲಿ ಮತ್ತೆ ಮತಭೇದ. ಬೂದು ಅಕ್ಷರವನ್ನು ಹೆಬ್ಬೆರಳ ಹತ್ತಿರ ತರಲು ಅಷ್ಟು ಕಾಲ ಬೇಕು ಎಂದು ಒಂದು ಪಕ್ಷ. ಇನ್ನೆರಡು ಮೆನು ಒಳಕ್ಕೆ ತಳ್ಳಲು ಬೇಕು ಎಂದು ಇನ್ನೊಂದು.