ಅಲ್ಪವಣಿಕ ಲಕ್ಷಣ: ಲಫ್‌ಬರೋ ಪಾಠ

ಆನ್‌ಲೈನ್ ಆಟದ ಪೇಟೆಗೆ 25 ನಾಣ್ಯ ಹಿಡಿದು ಇಳಿದವನು ಮೊದಲ ರಾತ್ರಿಯೇ ಸಾಹುಕಾರನ ಧಾಟಿಯಲ್ಲಿ ಮಾತಾಡತೊಡಗಿದರೆ ಅವನನ್ನು ಅಲ್ಪವಣಿಕ ಎನ್ನಬೇಕು. 25 ಎಂಬುದು ಅಲಂಕಾರವಲ್ಲ. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಆಟದಲ್ಲಿ ಕಲಿಕೆಯ ದ್ವೀಪ ದಾಟಿ ಬಂದವನ ಬ್ಯಾಂಕಿನಲ್ಲಿ ಇರುವುದು ಅಷ್ಟೇ. ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿಯ ಮೂಲ ಆಟ ಹುಟ್ಟಿದ್ದು 2001ರಲ್ಲಿ. ಅದರ ಹಳೆಯ ರೂಪವನ್ನೇ 2013ರಲ್ಲಿ ಮತ್ತೆ ತೆರೆದು ಈ ಹೆಸರಿಟ್ಟರು. ಅಲ್ಪವಣಿಕರು ಲೋಕದಲ್ಲೆಲ್ಲ ಇದ್ದಾರೆ. ಲಕ್ಷಣಗಳೆಲ್ಲ ಒಂದೇ ದೇಹದಲ್ಲಿ ಕಾಣಸಿಗುವುದು ಮಾತ್ರ ಲಫ್‌ಬರೋ ಪ್ರಭೇದದಲ್ಲಿ, ಅಂದರೆ ದಾವಣಗೆರೆಯಿಂದಲೋ ಹುಬ್ಬಳ್ಳಿಯಿಂದಲೋ ಶಿಕ್ಷಣಸಾಲ ಹೊತ್ತು ಇಂಗ್ಲೆಂಡಿನ ಆ ಊರಿನ ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ. ಓದಲು ಬಂದವನಲ್ಲಿ.

ಊರೂ ಇವನಿಗೆ ತಕ್ಕುದಾಗಿಯೇ ಇದೆ. ಗುರುವಾರ, ಶನಿವಾರ ಸಂತೆ ನೆರೆಯುವ ಪೇಟೆಚೌಕದಲ್ಲಿ, ಇಲ್ಲಿನ ಹೊಸಿಯರಿ ಉದ್ಯಮದ ನೆನಪಿಗೆ ಕಂಚಿನ ಮನುಷ್ಯನೊಬ್ಬ ಕೂತಿದ್ದಾನೆ. ಮೈಮೇಲೆ ಒಂದು ಕಾಲುಚೀಲ, ಮಾನಕ್ಕೆ ಒಂದು ಎಲೆ. ಕೂರಿಸಿದವರ ಉದ್ದೇಶ ಏನೇ ಇರಲಿ, ಅಲ್ಪವಣಿಕನ ಆಸ್ತಿಪಟ್ಟಿಯನ್ನು ಇಷ್ಟು ಚುಟುಕಾಗಿ ಬರೆದ ಲೆಕ್ಕಿಗ ಇನ್ನೊಬ್ಬನಿಲ್ಲ. 1841ರ ಜುಲೈ 5ರಂದು ಥಾಮಸ್ ಕುಕ್ ಲೆಸ್ಟರ್‌ನಿಂದ ಪಾನನಿರೋಧಿಗಳನ್ನು ತಲೆಗೊಂದು ಶಿಲ್ಲಿಂಗ್‌ನಂತೆ ರೈಲಿನಲ್ಲಿ ಕರೆತಂದದ್ದೂ ಈ ಊರಿಗೇ. ಲಾಭಕ್ಕೆಂದು ಅವನು ಪ್ರವಾಸ ಹೊರಡಿಸಿದ್ದು 1845ರಲ್ಲಿ. ನಾಲ್ಕು ವರ್ಷ ಕಾದ. ಅಲ್ಪವಣಿಕ ನಾಲ್ಕು ಗಂಟೆ ಕಾಯುವ ಪಾಡು ಮುಂದೆ ಬರುತ್ತದೆ.

ಇನ್ನು ವಂಶಾವಳಿ. ಕನ್ನಡಿಗ ಕಡಲೆಕಾಯಿ ಮಾರಿದರೂ ಅವನನ್ನು ಅಯ್ಯಾವೊಳೆಯ ಐನೂರ್ವರಿಗೆ ಗಂಟುಹಾಕದೆ ಪಂಡಿತರಿಗೆ ನಿದ್ದೆ ಬಾರದು. ಐಹೊಳೆ ಮೂಲದ ಆ ವರ್ತಕಸಂಘದ ಹೆಸರು ಸುಮಾತ್ರದ ಬಾರುಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಇದೆ. ಹೋಲಿಕೆ ಉಂಟು: ಅವರೂ ಮನೆಯಿಂದ ದೂರ, ಇವನೂ ದೂರ, ಬಿರುದಿನ ಮೋಹ ಇಬ್ಬರಿಗೂ ಸಮ. ಅವರ ಸರಕು ಕತ್ತೆ, ಕೋಣಗಳ ಬೆನ್ನೇರುತ್ತಿತ್ತು. ಇವನಿಗಿರುವುದು 28 ಖಾನೆಯ ಒಂದು ಚೀಲ. ಅವರು ಐನೂರು ಮಂದಿ. ಇವನು ಒಬ್ಬ, ರೂಮ್‌ಮೇಟ್ ಎದ್ದಿದ್ದರೆ ಇಬ್ಬರು.

ವಿಂಶತಿನಿಯಮವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವನು ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಸ್ವಂತ ವ್ಯಾಪಾರವಂತೂ ನಿಷಿದ್ಧ. ಆಟದಲ್ಲಿ ಚಂದಾ ಕಟ್ಟದ ಹೊಸಬನ ವ್ಯಾಪಾರಕ್ಕೆ ಬಿಗಿದ ಕಟ್ಟು ಸಡಿಲಗೊಳ್ಳಲು 20 ಗಂಟೆ ಆಡಿರಬೇಕು, ಜತೆಗೆ ಒಟ್ಟು ಮಟ್ಟ 100, ಸಾಹಸಾಂಕ 10 ಆಗಿರಬೇಕು. ಒಂದು ಸರ್ಕಾರ 20 ದಾಟಬೇಡ ಎನ್ನುತ್ತದೆ, ಇನ್ನೊಂದು 20 ಮುಟ್ಟದೆ ಬರಬೇಡ ಎನ್ನುತ್ತದೆ. 168 ಗಂಟೆಯ ವಾರದಲ್ಲಿ ಈ ಎರಡನ್ನೂ ಕಳೆದರೆ 128 ಉಳಿಯುತ್ತದೆ. ಹಾಗಿದ್ದೂ ಅಸೈನ್‌ಮೆಂಟ್ ಏಕೆ ಕೊನೆಯ ರಾತ್ರಿಗೆ ಬೀಳುತ್ತದೆ ಎಂಬ ಪ್ರಶ್ನೆ ಪ್ರಸ್ತುತ ವಿಷಯಕ್ಕೆ ಸೇರಿದ್ದಲ್ಲ. ಆಟದ ನಾಣ್ಯವನ್ನು ಪೌಂಡಿಗೆ ಮಾರುವುದಕ್ಕೂ ಆಟದ ನಿಯಮ ಒಪ್ಪುವುದಿಲ್ಲ. ಹೀಗೆ ಗಳಿಕೆ ಅಲ್ಲೇ ಹುಟ್ಟಿ ಅಲ್ಲೇ ಲಯವಾಗುವುದರಿಂದ ಇದನ್ನು ನಿಷ್ಕಾಮ ವಾಣಿಜ್ಯವೆಂದು ವರ್ಗೀಕರಿಸಲಾಗಿದೆ.

ಮೊದಲ ಬಂಡವಾಳದ ಹುಟ್ಟು ಇದಕ್ಕಿಂತ ಸೂಕ್ಷ್ಮ. ಆಟದ ಮೊದಲ ಊರು ಲಂಬ್ರಿಜ್. ಅಲ್ಲಿನ ಹಸುಗಳನ್ನು ಕೊಂದು ತೊಗಲು ಮಾರುವುದು ಹಳೆಯ ರೂಢಿ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವನು ಆ ದೊಡ್ಡಿಯ ಬಾಗಿಲಲ್ಲಿ ಕತ್ತಿ ಹಿಡಿದು ನಿಂತೇ ಇರುತ್ತಾನೆ. ಕೊನೆಗೆ ಕೋಳಿಗಳ ಕಡೆ ತಿರುಗುತ್ತಾನೆ. ಕೊಲ್ಲಲು ಅಲ್ಲ. ಬೇರೆಯವರು ಕೊಂದು ಎತ್ತಿಕೊಳ್ಳದೆ ಬಿಟ್ಟ ಪುಕ್ಕ ಒಂದು ನಿಮಿಷ ಕಳೆದ ಮೇಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಬಗ್ಗಿ ಬಗ್ಗಿ ಆರಿಸಿಕೊಳ್ಳುತ್ತಾನೆ. ಪಾಪ ಅವರದು, ಪುಕ್ಕ ಇವನದು. ಸಾವಿರ ಪುಕ್ಕವಾದರೂ ಚೀಲದಲ್ಲಿ ಹಿಡಿಯುವುದು ಒಂದೇ ಖಾನೆ. ಗದ್ದೆಯಲ್ಲಿ ಉದುರಿದ ಕಾಳು ಆಯ್ದು ಬದುಕಿದ ಋಷಿಗಳ ಉಂಛವೃತ್ತಿಗೆ ಇದನ್ನು ಸಮೀಕರಿಸಬಹುದು, ಋಷಿಗಳ ಅಭ್ಯಂತರವಿಲ್ಲದಿದ್ದರೆ.

ನಿಜವಾದ ಪೇಟೆ ಇರುವುದು ವ್ಯಾರಕ್ ನಗರದ ‘ಗ್ರ್ಯಾಂಡ್ ಎಕ್ಸ್‌ಚೇಂಜ್’ನಲ್ಲಿ. ಚಂದಾ ಕಟ್ಟದವನಿಗೆ ಅಲ್ಲಿ ಮೂರೇ ಖಾನೆ. ದರ ತಿಳಿಯುವ ಕ್ರಮ ಹೀಗೆ: ಒಂದು ಸರಕನ್ನು ಬೇಕೆಂದೇ ಹೆಚ್ಚು ಬೆಲೆಗೆ ಕೊಳ್ಳುವುದು, ಅದನ್ನೇ ಬೇಕೆಂದೇ ಕಡಿಮೆಗೆ ಮಾರುವುದು. ಹೀಗೆ ಬುದ್ಧಿಪೂರ್ವಕ ಮೋಸಹೋದಾಗ ಪೇಟೆಯ ಮೇಲ್ದರ, ಕೆಳದರ ಎರಡೂ ಬಯಲಾಗುತ್ತವೆ. ನಡುವಿನ ಸಂದಿಯೇ ಲಾಭ. ಮಾರಾಟದ ಮೇಲೆ ಶೇ. 2 ಸುಂಕವಿದೆ. ಚಿಲ್ಲರೆ ಭಾಗ ಬಿಟ್ಟುಹೋಗುವುದರಿಂದ 50 ನಾಣ್ಯಕ್ಕಿಂತ ಅಗ್ಗದ ಸರಕಿಗೆ ಸುಂಕವೇ ತಗಲದು; ಸುಂಕದವನ ಮುಂದೆ ಸುಖದುಃಖ ತೋಡಿಕೊಳ್ಳುವ ಕಷ್ಟ ಬಡವನಿಗೆ ಇಲ್ಲಿ ತಪ್ಪಿದೆ. 48ಕ್ಕೆ ಕೊಂಡು 49ಕ್ಕೆ ಮಾರಿದರೆ ಒಂದು ನಾಣ್ಯ ಪೂರ್ತಿ ಕೈಗೆ ಬರುತ್ತದೆ. 100ಕ್ಕೆ ಕೊಂಡು 102ಕ್ಕೆ ಮಾರಿದವನಿಗೆ ಸುಂಕ ಎರಡು ಕಳೆದು ಉಳಿಯುವುದು ವೇದಾಂತ.

ಒಂದು ಸರಕನ್ನು ನಾಲ್ಕು ಗಂಟೆಯಲ್ಲಿ ಇಷ್ಟೇ ಕೊಳ್ಳಬೇಕೆಂಬ ಮಿತಿಯೂ ಉಂಟು. ರಾತ್ರಿ 9ಕ್ಕೆ ಕೊಳ್ಳಲು ತೊಡಗಿ ಮಿತಿ ಮುಟ್ಟಿದವನು 1 ಗಂಟೆಗೆ ಅಲಾರಂ ಇಟ್ಟು ಮಲಗುತ್ತಾನೆ. ಚಳಿಗಾಲದ ಲಫ್‌ಬರೋದಲ್ಲಿ 1 ಗಂಟೆಯೆಂದರೆ ದಾವಣಗೆರೆಯಲ್ಲಿ ಬೆಳಗಿನ ಆರೂವರೆ. ಹಾಲು ಕಾಯಲಿಟ್ಟ ತಾಯಿ, ಮಗ ವಾಟ್ಸ್‌ಆ್ಯಪ್‌ನಲ್ಲಿ ಆನ್‌ಲೈನ್ ಇರುವುದು ಕಂಡು ಫೋನ್ ಮಾಡುತ್ತಾಳೆ. “ಇನ್ನೂ ಓದ್ತಾ ಇದ್ದೀಯೇನೋ? ಕಣ್ಣು ಹಾಳಾಗ್ತವೆ, ಮಲಕ್ಕೋ.” ಅವನು ‘ಹೂಂ’ ಎನ್ನುತ್ತಾನೆ. ಬಲಗೈ ಆಗಲೇ ಮುಂದಿನ ಕಂತು ಕೊಂಡಿರುತ್ತದೆ. ಹಾಲು ಉಕ್ಕಿದ ಸದ್ದಿಗೆ ಕರೆ ಮುಗಿಯುತ್ತದೆ.

ವಂಚಕಪ್ರಕರಣ ಚಿಕ್ಕದು. ‘ಹಣ ಡಬ್ಬಲ್ ಮಾಡಿಕೊಡುತ್ತೇನೆ’ ಎಂದು ಪೇಟೆಯಲ್ಲಿ ಕೂಗುವವನು ಸಣ್ಣ ಮೊತ್ತವನ್ನು ನಿಜಕ್ಕೂ ಎರಡರಷ್ಟು ಮಾಡಿ ಕೊಡುತ್ತಾನೆ, ದೊಡ್ಡ ಮೊತ್ತದೊಂದಿಗೆ ಕಾಣೆಯಾಗುತ್ತಾನೆ. ಊರಿನ ಚೀಟಿ ವ್ಯವಹಾರದಲ್ಲಿ ಕೈ ಸುಟ್ಟುಕೊಂಡ ಮನೆತನದವರು ಇದಕ್ಕೆ ಬೀಳುವುದಿಲ್ಲ ಎಂಬ ಪೂರ್ವಪಕ್ಷವನ್ನು ಅನುಭವ ಖಂಡಿಸಿದೆ.

ಕೋಟಿ ನಾಣ್ಯ ದಾಟಿ ಬೆಲೆಬಾಳುವ ‘ಬಾಂಡ್’ ಕೊಂಡ ದಿನ ಅಲ್ಪವಣಿಕತ್ವ ನೀಗುತ್ತದೆ. ಬಾಂಡಿನಿಂದ 14 ದಿನದ ಸದಸ್ಯತ್ವ ದೊರೆತು ಪೇಟೆಯ ಖಾನೆ ಮೂರಿದ್ದದ್ದು ಎಂಟಾಗುತ್ತದೆ. ಅಂಥವನ ಲಕ್ಷಣ ಈ ಗ್ರಂಥಕ್ಕೆ ಹೊರತು. ಹದಿನೈದನೆಯ ದಿನ ಇನ್ನೊಂದು ಬಾಂಡಿಗೆ ಹಣ ಸಾಲದೆ ಹೋದರೆ ಖಾನೆ ಮತ್ತೆ ಮೂರಕ್ಕೆ ಇಳಿಯುತ್ತದೆ, ಅವನು ಕೋಳಿಗಳ ಕಡೆ ಹೊರಡುತ್ತಾನೆ.